ಚಿಗವ್ವ ಕೇಳಿದ ಮುಯ್ಯಿ

ನಮ್ಮ ಮನೆಯ ಎದುರಿನ ಹಿಟ್ಟಿನ ಗಿರಣಿಯವರು ಈ ಬೇಸಿಗೆಗೆ ಶಾವಿಗೆ ಯಂತ್ರ ತಂದು ಕೂಡಿಸಿದ್ದಾರೆ. ನಾದಿದ ಗೋಧಿ ಹಿಟ್ಟಿನ ಹಸಿ ವಾಸನೆ ಬೆಳಗಾದರೆ ಸಾಕು, ಪಡಸಾಲೆಗೆ ನುಗ್ಗುತ್ತದೆ. ಯಂತ್ರದ ಗದ್ದಲವನ್ನು ಹೇಗೋ ತಾಳಿಕೊಂಡೇನು, ಈ ವಾಸನೆಯನ್ನು ತಾಳಲಾರೆ. ಕುಂತಲ್ಲಿ ಕೂಡಲು ಬಿಡುವುದಿಲ್ಲ, ನಿಂತಲ್ಲಿ ನಿಲ್ಲಲು ಬಿಡುವುದಿಲ್ಲ. ಪಕ್ಕದ ಮನೆಯ ಚಿಗವ್ವ ಮಾಳಿಗೆಯ ಮೇಲಿಂದ ನನ್ನನ್ನು ಕೂಗುತ್ತಿದ್ದಾಳೆ ಅನ್ನಿಸುತ್ತದೆ...

ಸಂಬಂಧದಲ್ಲಿ ಅವಳು ನನಗೇನೂ ಆಗಬೇಕಿರಲಿಲ್ಲ. ಕಿನ್ನಾಳದ ದಾರಿಯಲ್ಲಿರುವ ಈ ಊರಿಗೆ ನಾನು ಸೊಸೆಯಾಗಿ ಬಂದದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. ಓಣಿಯ ಸೊಸೆಯರೆಲ್ಲ ಅವಳನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿದ ಮೇಲೆ ಇದ್ದೊಂದು ಹೊಲವನ್ನು ತಾನೇ ಮುಂದೆ ನಿಂತು ಮಾಡಿಸುತ್ತಿದ್ದಳು. ಬಾಯಿ ಬಹಳ ಜೋರು. ನಮ್ಮತ್ತೆ ಅವಳಿಗೆ ಹೆದರುತ್ತಿದ್ದರು, ನಾನು ನಮ್ಮತ್ತೆಗೆ ಹೆದರುತ್ತಿದ್ದೆ. ಹೀಗಾಗಿ ಚಿಗವ್ವ ಕರೆದರೆ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ.

ಬೇಸಿಗೆಯಲ್ಲಿ ಶಾವಿಗೆ ಹೊಸೆಯುವುದು ಒಬ್ಬಿಬ್ಬರ ಕೆಲಸವಲ್ಲ. ಇವತ್ತು ನಾಲ್ಕು ಜನ ನಮ್ಮ ಮಾಳಿಗೆಗೆ ಬಂದರೆ ನಾಳೆ ನಾವು ಅವರ ಮಾಳಿಗೆಗೆ ಹೋಗಬೇಕು. ಇದಕ್ಕೆ ಮುಯ್ಯಿ ಎನ್ನುತ್ತಿದ್ದರು. ಹೊಲದ ಕಳೆಗೂ ಮುಯ್ಯಿ, ಮದುವೆ ಮನೆಯ ರೊಟ್ಟಿಗೂ ಮುಯ್ಯಿ. ಮುಯ್ಯಿ ತೀರಿಸದವರ ಮನೆಯ ಹೆಣ್ಣು ತರಲೂ ಜನ ಹಿಂದೆಮುಂದೆ ನೋಡುತ್ತಿದ್ದರು.

ಆ ವರ್ಷ ನಮ್ಮೂರ ಗೌಡರ ಕಣ್ಣು ಸೀನೀರಬಾವಿಯ ಮೇಲೆ ಬಿತ್ತು. ಊರಿನ ಉಳಿದ ಬಾವಿಗಳೆಲ್ಲ ಸವಳು. ಇದೊಂದೇ ಕುಡಿಯುವ ನೀರಿನದು, ಊರಿಗೆ ಸೇರಿದ್ದು. ಅದಕ್ಕೆ ಬೇಲಿ ಹಾಕಿ ತಮ್ಮ ತೋಟಕ್ಕೆ ಸೇರಿಸಿಕೊಳ್ಳಬೇಕೆಂದರೆ ಊರ ಪಂಚರು ಒಪ್ಪಬೇಕು. ಪಂಚರನ್ನು ಮಾಡುವ ರೀತಿಯಾದರೂ ಎಂಥದ್ದು! ಕೊಪ್ಪಳದ ಕಚೇರಿಯಿಂದ ಸಾಹೇಬರು ಬಂದು ಚಾವಡಿಯಲ್ಲಿ ಕೂಡುವರು. ಗೌಡರು ತಮ್ಮವರ ಐದು ಹೆಸರು ಹೇಳುವರು. ‘ಯಾರದಾದರೂ ತಕರಾರು ಐತೇನು?’ ಎಂದು ಸಾಹೇಬರು ಕೇಳಿದರೆ ಎಲ್ಲರೂ ನೆಲ ನೋಡುವರು. ಅಲ್ಲಿಗೆ ಊರು ಒಪ್ಪಿದಂತೆ.

‘ನಮಗ್ಯಾಕ ಬೇಕು ಊರ ಉಸಾಬರಿ’ ಎಂದು ನಮ್ಮ ಮಾವನವರೇ ಕೈಕೊಡವಿದ್ದರು. ಗೌಡರು ಸುಮ್ಮನೆ ಕುಳಿತಿರಲಿಲ್ಲ. ಬಾವಿಯನ್ನು ಊರಿಗೇ ಬಿಟ್ಟರೆ ನಾಳೆ ಊರ ಹೊರಗಿನ ಕೇರಿಯವರು ಬಂದು ಸೇದುತ್ತಾರೆ ಎಂದು ನಮ್ಮ ಓಣಿಯಲ್ಲಿ ಹೇಳಿಸಿದರು. ನಿಮ್ಮನ್ನು ಊರು ಬಿಡಿಸಲು ಮಾತಾಗುತ್ತಿದೆ, ನಾವೇ ನಿಮಗೆ ಗತಿ ಎಂದು ಪಿಂಜಾರ ಓಣಿಯ ಮುಸಲ್ಮಾನರಿಗೆ ಹೇಳಿಸಿದರು. ಒಂದು ಓಣಿ ಇನ್ನೊಂದರ ಮುಖ ನೋಡುವುದನ್ನೇ ಬಿಟ್ಟಿತು. ನಾಲ್ಕು ಜನ ಸೇರಿ ಮಾತಾಡೋಣವೆಂದರೆ ಸಭೆಗೆ ಕಚೇರಿಯ ಇಜಾಜತ್, ಅಂದರೆ ಪರವಾನಗಿ, ಬೇಕಿದ್ದ ಕಾಲ ಅದು. ಶಾವಿಗೆಗೆ ಮಾತ್ರ ಇಜಾಜತ್ ಬೇಕಿರಲಿಲ್ಲ!

ಆ ಬೇಸಿಗೆಯಲ್ಲಿ ಚಿಗವ್ವ ತನ್ನ ಮನೆಯ ಶಾವಿಗೆ ಮಾಡಲೇ ಇಲ್ಲ. ಮಂದಿಯ ಮಾಳಿಗೆಗಳಿಗೆ ಹೋಗಿ ಹೊಸೆದಳು, ನನ್ನನ್ನೂ ಎಳೆದುಕೊಂಡು ಹೋದಳು. ಪಿಂಜಾರ ಓಣಿಯ ಮದುವೆ ಮನೆಗೂ ಹೋಗಿ ಹಿಟ್ಟು ನಾದಿ ಬಂದಳು. ಯಾರಾದರೂ ‘ನಿಮ್ಮ ಮನಿಗಿ ಯಾವಾಗ ಬರೂಣು?’ ಎಂದರೆ, ‘ನನಗ ಶ್ಯಾವಿಗಿ ಬ್ಯಾಡ. ಸಾಹೇಬ್ರು ಬಂದ ದಿನ ಚಾವಡಿಗಿ ಬರ್ರಿ. ಅದೇ ನನ್ನ ಮುಯ್ಯಿ’ ಅನ್ನುತ್ತಿದ್ದಳು. ಹೆಂಗಸರು ಬೆಪ್ಪಾಗುತ್ತಿದ್ದರು. ಇಲ್ಲ ಅನ್ನುವಂತಿಲ್ಲ, ಹೂಂ ಅನ್ನಲು ಧೈರ್ಯವಿಲ್ಲ.

ಉಳಿದದ್ದು ಕೇರಿ. ಅಲ್ಲಿಯ ಒಬ್ಬ ಎತ್ತರದ ಹೆಂಗಸು ವರ್ಷವೂ ಚಿಗವ್ವನ ಹೊಲಕ್ಕೆ ಕಳೆಗೆ ಬರುತ್ತಿದ್ದಳು. ಕೇರಿಯಲ್ಲಿ ಅವಳ ಮಾತು ನಡೆಯುತ್ತಿತ್ತು. ಚಿಗವ್ವ ಕೇರಿಯ ಅಂಚಿನಲ್ಲೇ ನಿಂತು ಅವಳನ್ನೂ ಚಾವಡಿಗೆ ಕರೆದಳು. ಅವಳು ನಕ್ಕಳು.

‘ನಾ ನಿಮ್ಮ ಹೊಲಕ್ಕ ಬಂದೀನ್ರೀ ಯವ್ವಾ. ನೀವು ನಮ್ಮ ಕೆಲಸಕ್ಕ ಯಾವಾಗ ಬಂದೀರಿ? ಮುಯ್ಯಿ ಅಂದ್ರ ಹೋಗೂದೂ ಬರೂದೂ ಎರಡೂ ಇರಬೇಕಲ್ರಿ.’ ಆಮೇಲೆ ನಗು ನಿಲ್ಲಿಸಿ ಕೇಳಿದಳು, ‘ಬಾವಿ ಉಳಿದ್ರ ನಾವೂ ನಮ್ಮ ಹಗ್ಗ ಇಳಿಸಬಹುದೇನ್ರಿ?’

ಅಲ್ಲಿಯವರೆಗೆ ಕೇರಿಯವರು ಕೊಡ ಇಟ್ಟು ದೂರ ನಿಲ್ಲಬೇಕಿತ್ತು. ಮನಸ್ಸು ಬಂದವರು ಸೇದಿ ಹಾಕಿದರೆ ನೀರು, ಇಲ್ಲದಿದ್ದರೆ ಇಲ್ಲ. ಅಂಥ ಬಾಯಿಯ ಚಿಗವ್ವ ಅಲ್ಲಿಂದ ಹೊರಟೇಬಿಟ್ಟಳು. ಬಿರಬಿರನೆ ಮನೆಗೆ ಬಂದವಳು ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದಳು. ರೊಟ್ಟಿ ಬಡಿಯಲು ಕೂತು, ಎದ್ದು, ಮತ್ತೆ ತಿರುಗಿದಳು. ಹೂಂ ಅಂದರೆ ಓಣಿ ಅವಳನ್ನು ಕೈಬಿಡುತ್ತದೆ, ಉಹೂಂ ಅಂದರೆ ಗೌಡರಿಗೂ ತನಗೂ ಏನು ವ್ಯತ್ಯಾಸ? ನಾನು ಗೋಡೆಯಾಚೆ ನಿಂತು ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಮತ್ತೆ ಹೋದಳು. ಈ ಸಲ ಅಂಚಿನಲ್ಲಿ ನಿಲ್ಲಲಿಲ್ಲ, ಕೇರಿಯ ಒಳಗೇ ನಡೆದಳು. ‘ಇಳಿಸ್ರಿ. ನಾ ಕಟ್ಟಿಮ್ಯಾಲೆ ನಿಂತಿರ್ತೀನಿ, ಯಾರ್ ಏನಂತಾರ ನೋಡೂಣು’ ಅಂದಳು. ಆ ಎತ್ತರದ ಹೆಂಗಸು ಈ ಸಲ ನಗಲಿಲ್ಲ.

ಸಾಹೇಬರು ಬಂದರು. ಚಾವಡಿಯ ಮುಂದೆ ಎಂದಿನಂತೆ ಗಂಡಸರು ಕೂತಿದ್ದರು. ಬೇವಿನ ಮರದ ಕೆಳಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತಾಗ ಗೌಡರ ಹುಬ್ಬು ಮೇಲೇರಿತು. ಐದು ಹೆಸರು ಹೇಳಿದ್ದಾಯಿತು. ‘ತಕರಾರು?’ ಎಂದರು ಸಾಹೇಬರು. ಗಂಡಸರು ನೆಲ ನೋಡಿದರು.

‘ಐತ್ರಿ’ ಅಂದಳು ಚಿಗವ್ವ.

‘ಹೆಂಗಸರ ಮಾತು, ಬಿಡ್ರಿ ಸಾಹೇಬ್ರ’ ಎಂದು ಗೌಡರು ನಕ್ಕರು. ಇವಳೊಬ್ಬಳದೇನೋ ಎಂದು ಸಾಹೇಬರು ಸುತ್ತ ನೋಡಿದರು. ಆಗ ಎಲ್ಲರಿಗಿಂತ ಹಿಂದೆ, ದೂರದಲ್ಲಿ ನಿಂತಿದ್ದ ಕೇರಿಯ ಹೆಂಗಸು ದನಿ ಎತ್ತರಿಸಿದಳು. ‘ನಂದೂ ಐತ್ರಿ.’ ಪಿಂಜಾರ ಓಣಿಯ ಮುದುಕನೊಬ್ಬ ಎದ್ದು, ‘ನಂದೂ’ ಅಂದ. ನಾನೂ ಅಂದೆ. ನನ್ನ ಮಗ್ಗುಲಲ್ಲಿ ಸೆರಗಿನೊಳಗಿಂದ ಒಂದು ಸಣ್ಣ ‘ನಂದೂ’ ಕೇಳಿತು. ನೋಡಿದರೆ ನಮ್ಮತ್ತೆ! ಹೆಂಡತಿಯ ದನಿ ಕೇಳಿ ಮಾವನವರೂ ಏಳಬೇಕಾಯಿತು. ಆಮೇಲೆ ಸಾಹೇಬರು ಒಂದೊಂದೇ ಓಣಿಯನ್ನು ಕೇಳಿ ಹೊಸ ಪಂಚರ ಹೆಸರು ಬರೆಸಿಕೊಂಡರು. ಗೌಡರು ಬಾವಿಯ ಮಾತು ಮತ್ತೆ ಎತ್ತಲಿಲ್ಲ.

ಕೇರಿಯ ಹೆಂಗಸು ಹಗ್ಗ ಇಳಿಸಿದ ದಿನ ಚಿಗವ್ವ ಹೇಳಿದಂತೆಯೇ ಕಟ್ಟೆಯ ಮೇಲೆ ನಿಂತಿದ್ದಳು. ನಮ್ಮ ಓಣಿಯವರು ತುಂಬಿದ ಕೊಡಗಳನ್ನು ಚೆಲ್ಲಿ ಹೋದರು. ಹತ್ತಾರು ದಿನ ಸವಳು ನೀರು ಕುಡಿದು, ಗಂಟಲು ಸೋತು, ಮತ್ತೆ ಅದೇ ಬಾವಿಗೆ ಬಂದರು. ಬಾವಿಗೇನೋ ಬಂದರು, ಚಿಗವ್ವನ ಮನೆಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳು ಒಬ್ಬಳೇ ಶಾವಿಗೆ ಮಣೆ ಹತ್ತಿ ಕೂತಳು. ನಾನು ಮಾಳಿಗೆಯ ಗೋಡೆ ದಾಟಿ ಹೋಗಿ ಎಳೆ ಹಿಡಿದೆ. ಸ್ವಲ್ಪ ಹೊತ್ತಿಗೆ ಆ ಎತ್ತರದ ಹೆಂಗಸು ಏಣಿ ಹತ್ತಿ ಬಂದಳು. ಮೂವರೂ ಹೊಸೆದೆವು. ಆ ಶಾವಿಗೆ ತಿನ್ನುವವರು ಯಾರು ಎಂದು ಓಣಿ ಆಡಿಕೊಂಡಿತು. ಯಾರು ತಿನ್ನುತ್ತಾರೆ, ನಾವು ಮೂವರೇ ಬೆಲ್ಲ ಹಾಕಿಕೊಂಡು ತಿಂದೆವು!

ನಿಜಾಮರ ಆಳ್ವಿಕೆ ಹೋಯಿತು. ದೇಶಕ್ಕೆ ಓಟು ಬರುವ ಮೊದಲೇ ಚಿಗವ್ವ ಜ್ವರದಲ್ಲಿ ತೀರಿಕೊಂಡಳು. ಆ ಸಂಕಟ ನನಗೆ ಇವತ್ತಿಗೂ ಆರಿಲ್ಲ... ಮೊದಲ ಸಲ ಓಟಿನ ಸಾಲಿನಲ್ಲಿ ನಿಂತಾಗ ನನಗೆ ಸಂತೋಷಕ್ಕಿಂತ ಸಿಟ್ಟೇ ಬಂದಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಕೇರಿಯ ಗೆಳತಿಯೂ ಹೋಗಿ ಬಹಳ ವರ್ಷಗಳಾದವು.

ಮೊನ್ನೆ ಸುದ್ದಿ ಬಂತು, ಸೀನೀರಬಾವಿ ಮುಚ್ಚಿ ಅಂಗಡಿಗಳ ಸಾಲು ಕಟ್ಟುತ್ತಾರಂತೆ. ನಮ್ಮ ಓಣಿಗೆ ನಲ್ಲಿ ಇದೆ. ಕೇರಿಗೆ ನಲ್ಲಿಯ ನೀರು ಸರಿಯಾಗಿ ಹೋಗುವುದಿಲ್ಲ, ಅವರು ಈಗಲೂ ಅಲ್ಲೇ ಸೇದುತ್ತಾರೆ. ‘ಗ್ರಾಮಸಭಾದಾಗ ಯಾರೂ ಬ್ಯಾಡ ಅನ್ಲಿಲ್ಲೇನೋ?’ ಎಂದು ಮಗನನ್ನು ಕೇಳಿದೆ.

‘ಸಭಾಕ್ಕ ಯಾರ್ ಹೋಗ್ತಾರ ಬೇ? ಮನಿಗೇ ಬಂದು ಸಹಿ ತಗೊಂಡು ಹೋದ್ರು’ ಅಂದ. ಸಹಿ ಹಾಕಿದವರಲ್ಲಿ ಅವನೂ ಒಬ್ಬ.

ತಡೆಯಲಾಗಲಿಲ್ಲ. ಕೋಲು ಹಿಡಿದು ಹೊರಬಿದ್ದೆ, ಚಿಗವ್ವನಂತೆ ಮನೆ ಮನೆ ಹೊಕ್ಕು ಕೇಳಿಯೇಬಿಡೋಣ ಎಂದು. ನಾಲ್ಕು ಹೆಜ್ಜೆ ಹೋಗಿ ನಿಂತೆ. ನನ್ನೊಡನೆ ಹೊಸೆದವರು, ನಾನು ರೊಟ್ಟಿ ಬಡಿದುಕೊಟ್ಟವರು ಯಾರೂ ಉಳಿದಿಲ್ಲ. ಅವರ ಸೊಸೆಯಂದಿರ ಮನೆಗೆ ಯಂತ್ರದ ಶಾವಿಗೆ ಬರುತ್ತದೆ, ಅವರ ಯಾವ ಕೆಲಸಕ್ಕೂ ನಾನು ಹೋದವಳಲ್ಲ. ಈ ಊರಿನಲ್ಲಿ ನನಗೆ ಮುಯ್ಯಿ ಕೊಡಬೇಕಾದವರು ಈಗ ಒಬ್ಬರೂ ಇಲ್ಲ.