ನಿನಗೆ ಬಂದಿದ್ದ ಕರೆ

ಸುಮಾ, ನಿನಗೆ ಅಮೆರಿಕದಿಂದ ಕರೆ ಬಂದಿತ್ತು. ಬರಲೇ ಇಲ್ಲವೆಂದು ಇಷ್ಟು ವರ್ಷ ನಂಬಿಕೊಂಡಿದ್ದೀಯೆ. ಬಂದಿತ್ತು — ನನ್ನ ಮನೆಯ ಫೋನಿಗೆ. ಎತ್ತಿದವನು ನಾನು, ನಿನ್ನ ದೊಡ್ಡಪ್ಪ. ನಿನ್ನ ಪರವಾಗಿ ಬೇಡವೆಂದವನೂ ನಾನೇ.

ಮೊದಲು ನನ್ನ ಹೊಟ್ಟೆಕಿಚ್ಚನ್ನು ಹೇಳಬೇಕು. ನನ್ನ ಮಗ ರವಿ ಎರಡು ಸಲ ಪ್ರವೇಶ ಪರೀಕ್ಷೆ ಬರೆದರೂ ಮೆಡಿಕಲ್ ಸೀಟು ಸಿಗದೆ ಸೋಂಪುರದ ಕಾರ್ಖಾನೆಗೆ ಸೇರಿದ. ಅವನಿಗಿಂತ ಕಡಿಮೆ ಅಂಕ ಪಡೆದ ನಿನ್ನನ್ನು ನಿನ್ನಪ್ಪ ಎರಡು ಮಗ್ಗ ಮಾರಿ ಕೆರಿಬಿಯನ್ ದ್ವೀಪವೊಂದರ ವೈದ್ಯಕೀಯ ಕಾಲೇಜಿಗೆ ಕಳಿಸಿದ. ದೊಡ್ಡಬಳ್ಳಾಪುರದ ಮಕ್ಕಳಿಗೆ ಜೀವಮಾನವಿಡೀ ಭೂಗೋಳ ಕಲಿಸಿದ ನಾನು ಆ ದ್ವೀಪವನ್ನು ಭೂಪಟದಲ್ಲಿ ಹುಡುಕಬೇಕಾಯಿತು. ಅದೆಂಥ ಕಾಲೇಜು ಎಂದು ಕೇಳಿದ್ದಕ್ಕೆ ನನ್ನ ತಮ್ಮ ನೆಂಟರೆದುರೇ ಹೇಳಿದ: "ಅಣ್ಣಯ್ಯ, ನಿಮ್ ರವಿಗೆ ಸೀಟ್ ಸಿಗ್ಲಿಲ್ಲ ಅಂತ ನನ್ ಮಗ್ಳನ್ನೂ ಮನೇಲೇ ಕೂರಿಸ್ಕೊಳ್ಳಾಕಾಯ್ತದಾ?" ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂದು ಈಗಲೂ ಹೇಳಬಲ್ಲೆ. ಹೊರಡುವ ದಿನ ನೀನು ಮೊದಲು ಸೋದರಮಾವನ ಕಾಲಿಗೆ ಬಿದ್ದೆ, ಆಮೇಲೆ ನನ್ನ ಕಾಲಿಗೆ. ಮನೆಯ ಹಿರಿಯನಿಗೆ ಎರಡನೆಯ ನಮಸ್ಕಾರ — ಅದು ತಪ್ಪು, ಇಂದಿಗೂ ತಪ್ಪೆನ್ನುತ್ತೇನೆ. ಆದರೆ ಆ ತಪ್ಪಿಗೆ ಇದು ಶಿಕ್ಷೆಯೇ...

ಓದು ಮುಗಿಸಿ ನೀನು ಊರಿಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ರೆಸಿಡೆನ್ಸಿ, ಅಂದರೆ ಕೆಲವು ವರ್ಷಗಳ ತರಬೇತಿಯ ಕೆಲಸ, ಸಿಗದಿದ್ದರೆ ಪದವಿಗೆ ಬೆಲೆಯಿಲ್ಲ ಎಂದು ನಮ್ಮ ಜಗಲಿಯಲ್ಲಿ ಕೂತು ವಿವರಿಸಿದೆ. ಆಸ್ಪತ್ರೆಗಳು ತಮಗೆ ಬೇಕಾದವರ ಹೆಸರು ಬರೆಯುತ್ತವೆ, ವಿದ್ಯಾರ್ಥಿಗಳು ತಮಗೆ ಬೇಕಾದ ಆಸ್ಪತ್ರೆಗಳ ಹೆಸರು ಬರೆಯುತ್ತಾರೆ, ಎರಡೂ ಕೂಡಿದರೆ ಮ್ಯಾಚ್.

"ಜಾತಕ ಕೂಡಿಸ್ದಂಗೆ ಅನ್ನು," ಎಂದ ನಿನ್ನಪ್ಪ.

"ಹೂಂ ಕಣಪ್ಪ. ಆದ್ರೆ ದ್ವೀಪದ ಕಾಲೇಜ್‌ನೋರ ಜಾತಕ ಕೊನೇಗ್ ನೋಡ್ತಾರೆ," ಎಂದೆ ನೀನು. ನಾನೂ ನಕ್ಕೆ — ಒಳಗೊಳಗೇ ಹಾಲು ಕುಡಿದಷ್ಟು ಸಂತೋಷಪಟ್ಟು.

ಆ ಮಾರ್ಚಿನಲ್ಲಿ ನಿನಗೆ ಮ್ಯಾಚ್ ಆಗಲಿಲ್ಲ. ಖಾಲಿ ಉಳಿದ ಜಾಗಗಳಿಗಾದರೂ ಕರೆದಾರೆಂದು ಹಲವು ಆಸ್ಪತ್ರೆಗಳಿಗೆ ಅರ್ಜಿ ಹಾಕಿದೆ. ಬೀದಿಗೆಲ್ಲ ಫೋನಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎಲ್ಲರೂ ನಮ್ಮ ನಂಬರನ್ನೇ ಕೊಟ್ಟು ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಯುತ್ತಿದ್ದರು. ಫೋನು ಪಕ್ಕದವರದು, ಕರೆದು ಕೊಡುತ್ತಾರೆ ಎಂದು ಅದರರ್ಥ. ನೀನೂ ಹಾಗೆಯೇ ಬರೆದೆ. ಆ ಎರಡಕ್ಷರ ಅಮೆರಿಕದವರಿಗೆ ಹೇಗೆ ತಿಳಿಯಬೇಕು? ಕರೆದು ಕೊಡುವುದು ಮಾತ್ರ ನನ್ನ ಧರ್ಮವಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಫೋನು ಬಂತು. ಒಬ್ಬ ಹೆಂಗಸು, ಬಹಳ ಮರ್ಯಾದೆಯ ದನಿ. ಒಂದು ರೆಸಿಡೆನ್ಸಿ ಸ್ಥಾನ ಉಳಿದಿದೆ, ಡಾಕ್ಟರ್ ಸುಮಾ ನಮಗೆ ಒಪ್ಪಿಗೆ, ಅವರ ಉತ್ತರ ಇಂದೇ ಬೇಕು ಎಂದಳು. ಡಾಕ್ಟರ್ ಸುಮಾ — ಆ ಮಾತು ನನ್ನ ಕಿವಿಯಲ್ಲಿ ಕಾದ ಎಣ್ಣೆಯಾಯಿತು. ನೀವು ತಂದೆಯೇ ಎಂದು ಕೇಳಿದಳು. ಹೌದೆಂದೆ. ಕಿಟಕಿಯಾಚೆ ನೀನು ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಒಂದು ಕೂಗು ಸಾಕಿತ್ತು. "ಅವಳಿಗೆ ಇನ್ನು ಅದು ಬೇಡ. ಮದುವೆ ನಿಶ್ಚಯವಾಗಿದೆ," ಎಂದು ಇಂಗ್ಲಿಷಿನಲ್ಲಿ, ವ್ಯಾಕರಣ ತಪ್ಪದೆ, ಸುಳ್ಳು ಹೇಳಿದೆ. ಅವಳು ಅಭಿನಂದನೆ ತಿಳಿಸಿ ಫೋನಿಟ್ಟಳು.

"ದೊಡ್ಡಪ್ಪಾ, ಫೋನ್ ಯಾರ್ದು?" ಎಂದು ಕಾಂಪೌಂಡಿನಿಂದಲೇ ಕೇಳಿದೆ.

"ರಾಂಗ್ ನಂಬರ್ ಕಣಮ್ಮ."

ಆ ವಾರವೆಲ್ಲ ನೀನು ನಮ್ಮ ನಡುಮನೆಯಲ್ಲಿ ಕೂತು, ದೊಡ್ಡಮ್ಮನಿಗೆ ಹುಣಸೆಹಣ್ಣಿನ ಬೀಜ ಬಿಡಿಸಿಕೊಡುತ್ತ, ಫೋನಿನ ಕಡೆಯೇ ನೋಡುತ್ತಿದ್ದೆ. ಕೊನೆಯ ದಿನ ಎದ್ದು ಸೆರಗು ಕೊಡವಿ, "ನಮ್ಮಂಥೋರ್ನ ಯಾರ್ ತಗೊಂತಾರೆ ಬಿಡಿ ದೊಡ್ಡಪ್ಪ," ಎಂದೆ. ಆಗ ನನಗೆ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ನೆಮ್ಮದಿಯಾಯಿತು — ನೀನು ರವಿಗೆ ಸಮನಾದೆ ಎಂಬ ನೆಮ್ಮದಿ. ಮರುವರ್ಷ ಅರ್ಜಿ ಹಾಕುವ ಧೈರ್ಯ ನಿನಗೆ ಉಳಿಯಲಿಲ್ಲ. ಇಲ್ಲಿ ಆ ಪದವಿ ನಡೆಯಲಿಲ್ಲ. ಜೀವಶಾಸ್ತ್ರದ ಟ್ಯೂಷನ್ ಹಿಡಿದೆ. ಇಂದಿಗೂ ಬಂದು ನನ್ನ ರಕ್ತದೊತ್ತಡ ನೋಡುತ್ತೀಯೆ, "ಉಪ್ಪಿನ್ಕಾಯಿ ಮುಟ್ಬೇಡಿ" ಎಂದು ಗದರುತ್ತೀಯೆ, ಟ್ಯೂಷನ್ ಮಕ್ಕಳೆದುರು "ನಾನು ಪಾಸಾದ ಫೇಲು" ಎಂದು ನಗುತ್ತೀಯೆ. ಆ ನಗುವನ್ನು ಕೇಳಿದಾಗ —

ಕ್ಷಮೆ ಕೇಳುವುದಿಲ್ಲ. ಕೊಡುವ ಭಾರವನ್ನೂ ನಿನ್ನ ಮೇಲೆ ಹೊರಿಸುವ ಹಕ್ಕು ನನಗಿಲ್ಲ. ಭಾನುವಾರ ನೀನು ಬಂದಾಗ ಇದನ್ನು ನಿನ್ನಪ್ಪನ ಎದುರಿಗೇ ನನ್ನ ಬಾಯಿಂದ ಹೇಳುತ್ತೇನೆ. ನಿನ್ನನ್ನು ಅಲ್ಲಿ ಆರಿಸಿದ್ದರು, ಸುಮಾ. ಬೇಡವೆಂದದ್ದು ಇಡೀ ಲೋಕದಲ್ಲಿ ನಾನೊಬ್ಬನೇ.