ಕಪಾಟಿನ ಬಾಗಿಲಿಗೆ ಹಚ್ಚಿದ ಅರಿಶಿನ

ಕಳೆದ ವರ್ಷ ಜೂನ್ ತಿಂಗಳ ಕೊನೆಯ ವಾರ. ಈ ಪರದೇಶದಲ್ಲಿ, ಮಿಸಿಸಾಗ ಎಂಬ ಊರಿನಲ್ಲಿ ಎರಡು ವರ್ಷ ಬಾಡಿಗೆಗಿದ್ದ ಬೇಸ್‌ಮೆಂಟನ್ನು ಖಾಲಿ ಮಾಡಿ ನಾವು ಬರ್ಲಿಂಗ್ಟನ್ನಿಗೆ ಹೊರಟಿದ್ದೆವು. ಮನೆಯೊಡತಿ ಟೆರೆಸಾ ಪೋರ್ಚುಗಲ್ ಕಡೆಯವರು, ಎಪ್ಪತ್ತು ದಾಟಿದವರು, ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ನಾವು ಬಂದ ದಿನವೇ ಬೆರಳು ತೋರಿಸಿ, "ಹೇಗೆ ಕೊಟ್ಟಿದ್ದೇನೋ ಹಾಗೇ ವಾಪಸ್ ಬೇಕು. ಇಲ್ಲದಿದ್ದರೆ ಡೆಪಾಸಿಟ್ಟಿನಲ್ಲಿ ಹಿಡಿದುಕೊಳ್ಳುತ್ತೇನೆ" ಎಂದಿದ್ದರು. ಆ ಹಣ ನಂಬಿಕೊಂಡೇ ನಾವು ಹೊಸ ಮನೆಗೆ ಮಾತು ಕೊಟ್ಟಿದ್ದೆವು.

ಒಲೆ, ಫ್ರಿಜ್ಜು, ಬಚ್ಚಲು ಎಲ್ಲ ಉಜ್ಜಿ ಮುಗಿಸಿದೆ. ಉಳಿದದ್ದು ಅಡುಗೆಮನೆಯ ಬಿಳಿ ಕಪಾಟು. ಅದೇ ನಮ್ಮ ದೇವರ ಮನೆ. ಪೂಜೆಗೆ ಹೊಸ್ತಿಲಿಲ್ಲವಲ್ಲ ಎಂದು ಪ್ರತಿ ಶುಕ್ರವಾರ ಅದರ ಬಾಗಿಲಿಗೇ ಅರಿಶಿನ ಹಚ್ಚುತ್ತಿದ್ದೆ. ಬಾಡಿಗೆ ಮನೆ ಎಂಬ ಜ್ಞಾನ ಬೇಡವೇ? ಒರೆಸಿದರೂ ಹಳದಿ ಅಲ್ಲೇ ಕೂತಿತ್ತು. ಒಲೆ ಉಜ್ಜುವ ಕ್ಲೀನರನ್ನೇ ಹಾಕಿ ತಿಕ್ಕಿದೆ. ನೋಡನೋಡುತ್ತಲೇ ಹಳದಿಯೆಲ್ಲ ಕೆಂಪಾಯಿತು!

ನನ್ನ ಗಂಡ ಬಂದು ನೋಡಿ, "ಇದೇನೇ, ಹೊಸ ಪೇಂಟ್ ಹೊಡ್ದಿದ್ದೀಯಾ? ಸುಮ್ನೆ ಒಂದು ಕ್ಯಾಲೆಂಡರ್ ಅಂಟಿಸ್ಬಿಡೋಣ" ಎಂದರು. ನನಗೆ ಅಳುವೇ ಬಂತು. ಮೈಸೂರಿನಲ್ಲಿದ್ದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ.

"ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕುಂಕುಮ ಆಗತ್ತೆ ಅಂತ ಗೊತ್ತಿಲ್ವೇನೇ? ನಿನ್ನ ಕ್ಲೀನರ್ರೂ ಅದೇ ಕೆಲ್ಸ ಮಾಡಿದೆ. ನಿಂಬೆಹಣ್ಣು ಉಜ್ಜಿ ಬಿಸಿಲಿಗಿಡು" ಎಂದರು ಅಮ್ಮ.

ಬೇಸ್‌ಮೆಂಟಿಗೆ ಬಿಸಿಲೆಲ್ಲಿ ಬರಬೇಕು? ಸ್ಕ್ರೂ ಬಿಚ್ಚಿ ಬಾಗಿಲನ್ನೇ ಹಿತ್ತಲಿಗೆ ಒಯ್ದೆವು. ನಿಂಬೆರಸಕ್ಕೆ ಕೆಂಪು ಹೋಯಿತು. ಎರಡು ದಿನದ ಬಿಸಿಲಿಗೆ ಹಳದಿಯೂ ಹೆಚ್ಚುಕಡಿಮೆ ಹೋಯಿತು. ಒಂದು ನಾಣ್ಯದಷ್ಟು ಮಾತ್ರ ತಿಳಿಯಾಗಿ ಉಳಿಯಿತು. ಬಾಗಿಲನ್ನು ಮತ್ತೆ ಕೂರಿಸಿದೆವು.

ಸಂಜೆ ಟೆರೆಸಾ ಮನೆ ನೋಡಲು ಬಂದರು. ಒಲೆಯ ಮೇಲೆ ಬೆರಳಾಡಿಸಿದರು, ಬಚ್ಚಲು ನೋಡಿದರು, ಕಪಾಟಿನ ಮುಂದೆ ನಿಲ್ಲದೆ ದಾಟಿಹೋದರು. ಸುಮ್ಮನಿರು ಎಂದು ಗಂಡ ಕಣ್ಣಲ್ಲೇ ಹೇಳಿದರು. ನನ್ನದೋ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಸ್ವಭಾವ. "ಇಲ್ಲೊಂದು ಕಲೆ ಉಳಿದಿದೆ. ನಮ್ಮ ದೇವರು ಇದರೊಳಗಿದ್ದರು, ಅದಕ್ಕೇ ಅರಿಶಿನ ಹಚ್ಚುತ್ತಿದ್ದೆ" ಎಂದುಬಿಟ್ಟೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮತ್ತೊಮ್ಮೆ ಉಜ್ಜುತ್ತೇನೆ ಎಂದು ಬಟ್ಟೆ ಎತ್ತಿಕೊಂಡರೆ ಕೈ ಹಿಡಿದು ತಡೆದರು.

"ನನ್ನ ಮನೆಯಲ್ಲಿ ಎರಡು ವರ್ಷ ದೇವರನ್ನು ಇಟ್ಟುಕೊಂಡಿದ್ದೀಯ. ಅದಕ್ಕೆ ನಿನ್ನ ಹತ್ತಿರ ದಂಡ ಕಟ್ಟಿಸಿಕೊಳ್ಳಲೇ? ಇದು ಇರಲಿ, ಒರೆಸಬೇಡ" ಎಂದರು.

ಪೂರ್ತಿ ಡೆಪಾಸಿಟ್ಟಿಗೆ ಅಲ್ಲೇ ಚೆಕ್ ಬರೆದುಕೊಟ್ಟರು. ಹೋದ ಜೀವ ಬಂದಂತಾಯಿತು. ಆದರೆ ಬರ್ಲಿಂಗ್ಟನ್ನಿನ ದಾರಿಯುದ್ದಕ್ಕೂ ನನಗೆ ಟೆರೆಸಾ ಅವರದೇ ಯೋಚನೆ. ಎರಡು ವರ್ಷ ಆಕೆಗೆ ಹೆದರಿಕೊಂಡೇ ಕಳೆದಿದ್ದೆ. ಒಂದು ಶುಕ್ರವಾರವೂ ಹದಿಮೂರು ಮೆಟ್ಟಿಲು ಹತ್ತಿ ಹೋಗಿ ಆ ಒಂಟಿ ಜೀವಕ್ಕೆ ಒಂದು ಬಟ್ಟಲು ಪಾಯಸ ಕೊಟ್ಟಿರಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.