ಬಾತುಕೋಳಿಯ ಉಸಿರು

ಇಲ್ಲಿ ಮಲೇಷ್ಯಾದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕಾರ್ಟೂನುಗಳಿಗೆ ದನಿ ಕೊಟ್ಟಿದ್ದೇನೆ. ಕಪ್ಪೆ, ರೈಲು, ಕೋಪಿಷ್ಟ ಮೋಡ. ಎಷ್ಟೋ ಪಾತ್ರಗಳು ಮರೆತೇ ಹೋಗಿವೆ. ನೆನಪಿರುವವೂ ನಾನು ಆಡಿದ ಹಾಗೆಯೇ ನೆನಪಿವೆಯೋ ಇಲ್ಲವೋ ಅನುಮಾನ. ಬಾತುಕೋಳಿಯ ವಿಷಯದಲ್ಲಿ ಮಾತ್ರ ಆಗ ಬರೆದ ಡೈರಿ ಇದೆ.

ಬಾತುಕೋಳಿ ರಸ್ತೆಬದಿಯಲ್ಲಿ ಇಲ್ಲಿನವರು ಮಾಮಕ್ ಎನ್ನುವ ಪುಟ್ಟ ಹೋಟೆಲು ಇಟ್ಟುಕೊಂಡು ರೊಟ್ಟಿ, ಚಹಾ ಮಾರುತ್ತಾಳೆ. ಗಿರಾಕಿಗಳನ್ನು ಒಂದೇ ಉಸಿರಿಗೆ ಬೈಯುವುದಕ್ಕೆ ಹೆಸರುವಾಸಿ. ಆ ಉದ್ದ ಬೈಗುಳಕ್ಕಾಗಿಯೇ ನನ್ನನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದರು.

ಎರಡನೆಯ ಲಾಕ್‌ಡೌನಿನಲ್ಲಿ ನನಗೆ ಕೋವಿಡ್ ಬಂದು ಹೋಯಿತು. ಉಸಿರು ಪೂರ್ತಿ ಹಿಂದಿರುಗಲಿಲ್ಲ. ಸ್ಟುಡಿಯೋ ಮುಚ್ಚಿತ್ತು. ಸುಬಾಂಗ್ ಜಯಾದ ನಮ್ಮ ಮನೆಯಲ್ಲೇ ಊಟದ ಮೇಜಿಗೆ ರಜಾಯಿ ಇಳಿಬಿಟ್ಟು, ಅದರ ಕೆಳಗೆ ಕೂತು ರೆಕಾರ್ಡ್ ಮಾಡುತ್ತಿದ್ದೆ. ಆರು ಪದಕ್ಕೊಮ್ಮೆ ಏದುಸಿರು.

"ಏನೇ, ನಿನ್ನ ಬಾತುಕೋಳಿಗೂ ಕೋವಿಡ್ ಬಂತಾ?" ಎಂದರು ಗಂಡ, ರಜಾಯಿಯ ಆಚೆಯಿಂದ.

ನಕ್ಕೆ. ಆಮೇಲೆ ಅತ್ತೆನೋ ಏನೋ. ಡೈರಿಯಲ್ಲಿರುವುದು ಹಬೆ ತೆಗೆದುಕೊಂಡೆ ಎಂದಷ್ಟೇ.

ಪಾತ್ರ ಕೈತಪ್ಪೀತೆಂಬ ಭಯಕ್ಕೆ ಒಂದು ಮೋಸ ಮಾಡಿದೆ. ಉಸಿರೆಳೆದ ಕಡೆಯೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿ, ತುಂಡುಗಳನ್ನು ಜೋಡಿಸಿ ಕಳಿಸಿದೆ. ಆದರೆ ನಮ್ಮ ಕೆಲಸದಲ್ಲಿ ದನಿ ಮೊದಲು, ಚಿತ್ರ ಆಮೇಲೆ. ಕೊಕ್ಕು ಎಷ್ಟು ತೆರೆಯಬೇಕು, ಕತ್ತು ಎಲ್ಲಿ ಕೊಂಕಬೇಕು ಎಂಬುದನ್ನೆಲ್ಲ ಚಿತ್ರ ಬರೆಯುವವರು ದನಿ ಕೇಳಿಯೇ ತೀರ್ಮಾನಿಸುತ್ತಾರೆ.

ನಿರ್ದೇಶಕಿ, ನನ್ನ ಮಗಳ ವಯಸ್ಸಿನ ತಮಿಳು ಹುಡುಗಿ, ಫೋನ್ ಮಾಡಿದಳು. ಚಿತ್ರ ಬರೆಯುವವರಿಗೆ ಕೈ ಓಡುತ್ತಿಲ್ಲವಂತೆ. ಬಾತುಕೋಳಿ ಯಂತ್ರದ ಹಾಗೆ ಮಾತಾಡುತ್ತಿದ್ದಾಳಂತೆ. ಎಲ್ಲ ಒಪ್ಪಿಕೊಂಡೆ. ಬೇರೆಯವರನ್ನು ನೋಡಿಕೋ ಎಂದೂ ಹೇಳಿದೆ, ಅಥವಾ ಹಾಗೆ ಹೇಳಿದೆನೆಂದು ಈಗ ನಂಬಲು ಇಷ್ಟಪಡುತ್ತೇನೆ. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಮಾತ್ರ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ 'ಲಾ' ಸಮೇತ, ಅಂದೇ ಕನ್ನಡದಲ್ಲಿ ಬರೆದಿಟ್ಟಿದ್ದೆ.

"ಆಂಟಿ, ಕತ್ತರಿಸದೇ ಇರೋದನ್ನೇ ಕಳಿಸಿ ಲಾ. ನೀವು ನಿಂತ ಕಡೆ ಅವಳೂ ನಿಲ್ತಾಳೆ."

ಕಳಿಸಿದೆ. ಕಂತು ಬರಲು ತಿಂಗಳುಗಳೇ ಹಿಡಿದವು. ನಾನು, ಗಂಡ, ಮಗಳು ಸೋಫಾದಲ್ಲಿ ಒತ್ತಿಕೊಂಡು ಕೂತು ನೋಡಿದೆವು. ಬೈಯುತ್ತ ಬೈಯುತ್ತ ಬಾತುಕೋಳಿ ಸೌಟು ಕೆಳಗಿಟ್ಟಳು. ರೆಕ್ಕೆಯನ್ನು ಕಟ್ಟೆಗೆ ಊರಿ ಉಸಿರೆಳೆದುಕೊಂಡಳು. ಬೈಸಿಕೊಳ್ಳುತ್ತಿದ್ದ ಮೇಕೆ ತಪ್ಪಿಸಿಕೊಂಡು ಓಡಲಿಲ್ಲ. ತಾನು ಕೂತಿದ್ದ ಸ್ಟೂಲನ್ನು ಅವಳ ಕಡೆ ತಳ್ಳಿ ನಿಂತು ಕಾಯಿತು. ಅವಳು ಕೂತುಕೊಂಡು ಉಳಿದದ್ದನ್ನೂ ಬೈದು ಮುಗಿಸಿದಳು.

ಆ ಸ್ಟೂಲು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಇದು ನೆನಪಲ್ಲ, ತೆಗೆದು ನೋಡಿದ್ದೇನೆ. ತಮ್ಮ ಮನೆಯಲ್ಲಿ ಒಬ್ಬರೇ ಕೂತು, ನನ್ನ ಏದುಸಿರನ್ನು ಮತ್ತೆ ಮತ್ತೆ ಕೇಳಿಸಿಕೊಂಡ ಯಾರೋ ಚಿತ್ರಕಾರರು ಅದನ್ನು ಬರೆದಿರಬೇಕು. ಯಾರೆಂದು ನಿರ್ದೇಶಕಿಗೂ ಖಚಿತವಿರಲಿಲ್ಲ. ಹಾಗಾಗಿ ಇಡೀ ತಂಡಕ್ಕೆ ಕೃತಜ್ಞತೆ ಹೇಳಿ ಕಳಿಸಿದೆ. ಕೆಲವು ವಾರಗಳ ಮೇಲೆ ಮುಂದಿನ ಸರಣಿಯ ಸಂಭಾಷಣೆ ಬಂದಾಗ, ಬಾತುಕೋಳಿಯ ಮುಂದೆ ನನ್ನ ಹೆಸರೇ ಇತ್ತು.